ಕಕ್ಕಿಂಜೆ ಬ್ಯಾನರಿನ ನೀಲಿ ಶೇಡು

“ಮಾಸ್ಟ್ರೆ, ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಸಿ. ಆ ಫೈಲನ್ನು ನಾನು ಮೆಷಿನಿಗೆ ಕೊಡುವುದಿಲ್ಲ.”

ಹೀಗೆಂದವನು ಅಬ್ದುಲ್ ಶುಕೂರ್. ಪಾಣೆಮಂಗಳೂರಿನ ಈ ಫ್ಲೆಕ್ಸ್ ಅಂಗಡಿಯಲ್ಲಿ ಹನ್ನೆರಡು ವರ್ಷದಿಂದ ಪ್ರಿಂಟಿಂಗ್ ಮೆಷಿನ್ ಓಡಿಸುವವನು, ಆರಡಿ ಆಳು, ಮೂರು ಮಕ್ಕಳ ತಂದೆ. ಹೊರಗೆ ಬೆಳಗಿನ ಹನ್ನೊಂದರ ಬಿಸಿಲು ಸುಡುತ್ತಿತ್ತು. ಒಳಗೆ ಅವನು ಮೆಷಿನಿಗೆ ಬೆನ್ನು ಹಾಕಿ ನಿಂತಿದ್ದ.

“ಎಂತ ಹೆದರಿಕೆ ಶುಕೂರ್ ಕಾಕಾ?” ಎಂದು ಸಬ್ ಇನ್ಸ್‌ಪೆಕ್ಟರ್ ಸುರಕ್ಷಾ ಮೇಡಂ ಕೇಳಿದರು.

“ಆ ಶ್ರದ್ಧಾಂಜಲಿ ಬ್ಯಾನರ್ ನಾನು ಪ್ರಿಂಟ್ ಮಾಡಿದ್ದಲ್ಲ ಮೇಡಂ. ಆದಿತ್ಯವಾರ ಅಂಗಡಿಗೆ ರಜೆ. ಸೋಮವಾರ ಬಾಗಿಲು ತೆಗೆಯುವಾಗ ಸುತ್ತಿ, ದಾರ ಕಟ್ಟಿ, ‘ಕಕ್ಕಿಂಜೆ’ ಅಂತ ಚೀಟಿ ಅಂಟಿಸಿ ಇಟ್ಟದ್ದು ಉಂಟು. ಇಲ್ಲಿ ಕೆಲಸದಲ್ಲಿರುವವರಲ್ಲಿ ಈ ಮೆಷಿನ್ ಓಡಿಸಲಿಕ್ಕೆ ಬರುವುದು ಮೂವರಿಗೆ. ಅಂಗಡಿಯ ದಣಿ ಮೂಡುಬಿದಿರೆಗೆ ಮದುವೆಗೆ ಹೋಗಿದ್ದರು. ನಾನು ಮನೆಯಲ್ಲಿದ್ದೆ. ಮೂರನೆಯವನು ಶನಿವಾರವೇ ಸತ್ತಿದ್ದಾನೆ.”

ಆ ಮೂರನೆಯವನು ಜಿತೇಶ್, ಈ ಅಂಗಡಿಯ ಡಿಸೈನರ್. ಆದಿತ್ಯವಾರ ಬೆಳಗ್ಗೆ ನೇತ್ರಾವತಿಯ ಸೇತುವೆಯ ಕೆಳಗೆ ಅವನ ಹೆಣ ಸಿಕ್ಕಿತ್ತು. ತಾನಾಗಿಯೇ ಹಾರಿದ ಎಂದು ಊರಿಗೆ ಊರೇ ಹೇಳುತ್ತಿತ್ತು. ನಾನು ಮಾತ್ರ ಒಪ್ಪಿರಲಿಲ್ಲ.

ನಾನು ಮೂಡುಬಿದಿರೆಯ ಬೋರ್ಡು ಬರೆಯುವ ಡೊಂಬಯ್ಯ. ಬರೆಯುವ ಅಂದರೆ, ಬರೆಯುತ್ತಿದ್ದ. ಫ್ಲೆಕ್ಸ್ ಎಂಬ ಪೀಡೆ ಬಂದ ಮೇಲೆ ನನ್ನ ಬ್ರಷ್ಷಿಗೆ ಕೆಲಸ ಕೊಡುವವರು ಇಲ್ಲ. ಜಿತೇಶ್ ಹಾಸ್ಟೆಲಿನಲ್ಲಿ ಓದುತ್ತಿದ್ದಾಗ ಸಂಜೆ ಸಂಜೆ ನನ್ನ ಹತ್ತಿರ ಬಣ್ಣ ಕಲಿಯಲು ಬರುತ್ತಿದ್ದ. ಅಂಥ ಕೈ ನಾನು ಇನ್ನೊಂದು ನೋಡಿಲ್ಲ. ಅವನೇ ಹೋಗಿ ಫ್ಲೆಕ್ಸ್ ಅಂಗಡಿ ಸೇರಿದಾಗ, “ನನ್ನ ಅನ್ನಕ್ಕೆ ಮಣ್ಣು ಹಾಕಿದವರ ಸಂಬಳ ತಿನ್ನುವವನು ನನ್ನ ಶಿಷ್ಯನಲ್ಲ” ಎಂದು ಬೈದು ಕಳಿಸಿದ್ದೆ. ಮೂರು ವರ್ಷ ಮಾತಾಡಲಿಲ್ಲ. ಈಗ ಯಾರ ಹತ್ತಿರ ಮಾತಾಡಲಿ? ಅವನ ನೆನಪಾದರೆ ನನಗೆ ಅನ್ನ ಇಳಿಯುವುದಿಲ್ಲ. ಹಾಗೆ ಹೇಳಲು ನನಗೇನೂ ನಾಚಿಕೆ ಇಲ್ಲ.

ನನಗಿಂತ ಕಷ್ಟ ಅವನ ತಾಯಿ ಪೂವಮ್ಮನದು. ತಂಗಿ ಭವ್ಯಶ್ರೀಯನ್ನು ನೋಡಲು ಆದಿತ್ಯವಾರ ಗಂಡಿನವರು ಬರುವವರಿದ್ದರು. ಶನಿವಾರ ಸಂಜೆ ಜಿತೇಶ್ ಮನೆಗೆ ಫೋನ್ ಮಾಡಿ, “ಅಮ್ಮ, ಅವರಿಗೆ ಬರುವುದು ಬೇಡ ಅಂತ ಹೇಳಿ. ಕಾರಣ ಕೇಳಬೇಡಿ, ಬಂದು ಹೇಳ್ತೇನೆ” ಎಂದಿದ್ದನಂತೆ. ಪೂವಮ್ಮನಿಗೆ ಪಿತ್ತ ನೆತ್ತಿಗೇರಿತು. “ತಂಗಿಯ ಮದುವೆಗೆ ಅಡ್ಡ ಬರುವ ಅಣ್ಣ ಇದ್ದರೂ ಒಂದೇ, ಸತ್ತರೂ ಒಂದೇ” ಎಂದು ಫೋನ್ ಇಟ್ಟರು. ರಾತ್ರಿ ಕಳೆದು ಬೆಳಗಾಗುವಾಗ ಮಗ ಹೆಣವಾಗಿದ್ದ.

ಅವತ್ತಿನಿಂದ ಆ ತಾಯಿ ಉಂಡಿಲ್ಲ. ತನ್ನ ಮಾತೇ ಮಗನನ್ನು ಕೊಂದಿತು ಎಂದು ಕೂತಿದ್ದಾರೆ. ಬರುವ ಬುಧವಾರ ಉತ್ತರಕ್ರಿಯೆ. ಅದರೊಳಗೆ ಅವನು ಹಾರಿದ್ದಲ್ಲ ಎಂದು ತೋರಿಸಿಕೊಡದಿದ್ದರೆ ಮಗನ ಹಿಂದೆಯೇ ತಾಯಿಯೂ ಹೋಗುವುದು ಖಂಡಿತ ಎಂದು ಭವ್ಯಶ್ರೀ ನನ್ನ ಕಾಲು ಹಿಡಿದು ಅತ್ತಿದ್ದಳು.

ಆ ಸಂಕಟದ ಮೇಲೆ ಈ ಬ್ಯಾನರು ಬೇರೆ.

ಜಿತೇಶನ ಊರು ಕಕ್ಕಿಂಜೆಯ ಪೇಟೆಯಲ್ಲಿ ಕಟ್ಟಿದ ಆ ಬ್ಯಾನರನ್ನು ನಾನು ನಿನ್ನೆ ಏಣಿ ಹತ್ತಿ, ಭೂತಗನ್ನಡಿ ಹಿಡಿದು ನೋಡಿ ಬಂದಿದ್ದೆ. ಮಧ್ಯದಲ್ಲಿ ಜಿತೇಶನ ನಗುವ ಮುಖ. ಹಿಂದೆ ನೀಲಿ. ಅಂಚಿನಲ್ಲಿ ಕಡು ನೀಲಿ, ಒಳಗೆ ಬರುತ್ತಾ ಬರುತ್ತಾ ತೆಳುವಾಗಿ, ತಲೆಯ ಸುತ್ತ ಬಿಳಿ. ಕಂಪ್ಯೂಟರಿನವರು ಗ್ರೇಡಿಯೆಂಟ್ ಎನ್ನುತ್ತಾರೆ. ನಾವು ಶೇಡು ಇಳಿಸುವುದು ಎನ್ನುತ್ತಿದ್ದೆವು. ಒಂದು ಬಣ್ಣ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಗೊತ್ತಾಗಬಾರದು. ಗೊತ್ತಾದರೆ ಕೆಲಸ ಕೆಟ್ಟಿತು.

ಇಲ್ಲಿ ಗೊತ್ತಾಗುತ್ತಿತ್ತು. ನೀಲಿ ತೆಳುವಾಗುವ ಜಾಗದಲ್ಲಿ ಉದ್ದಕ್ಕೂ ಹಸಿರು ಮಿಶ್ರಿತ ಸಣ್ಣ ಗೆರೆಗಳು, ಬಾಚಣಿಗೆಯ ಹಲ್ಲಿನಷ್ಟು ಸಮ ಅಂತರದಲ್ಲಿ. ಗಾಳಿಗೆ ಬ್ಯಾನರು ಅಲುಗಿದರೆ ಆ ಗೆರೆಗಳೆಲ್ಲ ಎದ್ದು ಬಿದ್ದು, ಅವನ ತಲೆಯ ಹಿಂದೆ ನೀರು ಅಲೆಯಾಡಿದ ಹಾಗೆ ಕಾಣುತ್ತಿತ್ತು. ಮುಳುಗಿ ಸತ್ತವನ ಹಿಂದೆ ನೀರು! ಊರವರಿಗೆ ಇನ್ನೇನು ಬೇಕು? ಅವನು ಕುಲೆಯಾಗಿದ್ದಾನೆ, ಪ್ರೇತವಾಗಿ ನದಿಯಿಂದ ಎದ್ದು ಬಂದು ತನ್ನ ಬ್ಯಾನರು ತಾನೇ ಪ್ರಿಂಟ್ ಮಾಡಿ ಹೋಗಿದ್ದಾನೆ ಎಂದು ಸುದ್ದಿ ಹಬ್ಬಿತು. ಪೂವಮ್ಮ ದಿನಾ ಅದರ ಕೆಳಗೆ ಬಂದು ನಿಂತು, “ನನ್ನ ಮಗ ಇನ್ನೂ ನೀರಿನಲ್ಲೇ ಇದ್ದಾನೆ, ಯಾರಾದರೂ ಮೇಲೆ ತೆಗೆಯಿರಿ” ಎನ್ನುತ್ತಿದ್ದರು.

“ನೋಡು ಶುಕೂರ್,” ಎಂದೆ. “ಗೆರೆ ಬಂದದ್ದು ಫೈಲಿನಿಂದಲೋ ಮೆಷಿನಿನಿಂದಲೋ, ಅಷ್ಟು ಗೊತ್ತಾದರೆ ಸಾಕು. ಕುಲೆ ಇದ್ದರೆ ನನ್ನ ಮೇಲೆ ಬರಲಿ. ಅವನಿಗೆ ಬೈದವನು ನಾನು, ನೀನಲ್ಲ.”

ಶುಕೂರ್ ಬಾಯೊಳಗೇ ಬಿಸ್ಮಿಲ್ಲಾ ಹೇಳಿಕೊಂಡು ಜಿತೇಶನ ಕುರ್ಚಿಯಲ್ಲಿ ಕೂರದೆ, ನಿಂತೇ ಅವನ ಕಂಪ್ಯೂಟರ್ ತೆರೆದ.

ಮುಖ ಇರುವ ಫೈಲು ಎಲ್ಲೂ ಸಿಗಲಿಲ್ಲ. ಯಾರೋ ಅಳಿಸಿದ್ದರು. ಆದರೆ ಬರಿಯ ನೀಲಿ ಹಿನ್ನೆಲೆ ಇತ್ತು. ಜಿತೇಶ್ ಎಲ್ಲ ಶ್ರದ್ಧಾಂಜಲಿಗೂ ಅದನ್ನೇ ಬಳಸುತ್ತಿದ್ದನಂತೆ. ಅದನ್ನು ಒಂದಡಿ ಅಗಲಕ್ಕೆ ಮೆಷಿನಿಗೆ ಕೊಟ್ಟ. ಬಣ್ಣ ಉಗುಳುವ ಹೆಡ್ಡು ಕರಕರ ಎನ್ನುತ್ತಾ ಅತ್ತಿಂದಿತ್ತ ಓಡಿತು. ನಾವು ಮೂವರೂ ಬಗ್ಗಿ ನೋಡುತ್ತಾ ನಿಂತೆವು.

ಹೊರಬಂದ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅಬ್ಬ, ಹುಡುಗಾ! ಕಡು ನೀಲಿಯಿಂದ ಬಿಳಿಯವರೆಗೆ ಒಂದೇ ಒಂದು ಮೆಟ್ಟಿಲು ಇರಲಿಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಶೇಡಿನ ತುಂಬ ಸಣ್ಣ ಸಣ್ಣ ಮರಳಿನ ಕಾಳಿನಂಥ ಚುಕ್ಕಿ. ಬಣ್ಣ ಪಟ್ಟೆ ಪಟ್ಟೆಯಾಗಿ ನಿಲ್ಲಬಾರದೆಂದು ಬೇಕೆಂದೇ ಹಾಕಿದ್ದು. ಬ್ರಷ್ಷಿನ ತುದಿಯಲ್ಲಿ ಒಣಬಣ್ಣ ಕುಟ್ಟಿ ಶೇಡು ಬೆಸೆಯುವುದನ್ನು ಅವನಿಗೆ ಕಲಿಸಿದ್ದು ನಾನು. ಅದನ್ನೇ ಅವನು ಕಂಪ್ಯೂಟರಿನಲ್ಲಿ ಮಾಡಿದ್ದ. ಮೂರು ವರ್ಷ ನಾನು ಯಾರ ಮೇಲೆ ಮುನಿಸಿಕೊಂಡಿದ್ದೆನೋ ಅವನು ನನ್ನ ಕೆಲಸವನ್ನೇ ಮಾಡುತ್ತಿದ್ದ. ನನಗೆ ಕಣ್ಣೀರು ತಡೆಯಲಾಗಲಿಲ್ಲ.

“ಗೆರೆ ಇಲ್ಲ,” ಎಂದರು ಸುರಕ್ಷಾ ಮೇಡಂ.

“ಇಲ್ಲ. ಹಾಗಾದರೆ ತಪ್ಪು ಫೈಲಿನದ್ದಲ್ಲ, ಮೆಷಿನಿನದ್ದು. ಶುಕೂರ್, ಈ ನಡುವೆ ಮೆಷಿನ್ ಹಾಳಾಗಿತ್ತಾ?”

“ಹೋದ ವಾರ ಪೂರ್ತಿ ತಲೆಬಿಸಿ ಮಾಸ್ಟ್ರೆ. ಮಜೆಂತಾ, ಆ ಗುಲಾಬಿ ಕೆಂಪಿನ ಹೆಡ್ಡಿನಲ್ಲಿ ಬಣ್ಣ ಬೀಳುವ ಕೆಲವು ತೂತು ಕಟ್ಟಿತ್ತು. ಒಂದು ಕಾಲೇಜಿನ ಬ್ಯಾನರ್ ಹಾಗೇ ಹಾಳಾದದ್ದು. ನೀಲಿ ಶೇಡಿನ ತುಂಬ ಗೆರೆ. ಅವರು ವಾಪಸ್ ಬಿಸಾಡಿ ಹೋದರು. ದಣಿ ಜಿತೇಶನಿಗೆ ಬೈದರು. ಅವನ ತಪ್ಪಲ್ಲ ಅದು.”

“ಸರಿ ಮಾಡಿಸಿದ್ದು ಯಾವಾಗ?”

ಶುಕೂರ್ ಗೋಡೆಯ ಮೊಳೆಗೆ ಚುಚ್ಚಿದ್ದ ಫ್ಲೆಕ್ಸ್ ಚೂರುಗಳ ಕಟ್ಟನ್ನು ತೆಗೆದು ಕೊಟ್ಟ. ದಿನಾ ಬೆಳಗ್ಗೆ ಕೆಲಸಕ್ಕೆ ಮೊದಲು ನಾಲ್ಕು ಬಣ್ಣದ ಸಣ್ಣ ಗೆರೆಗಳನ್ನು ಒಂದು ಚೂರಿಗೆ ಹೊಡೆದು, ತೂತು ಎಲ್ಲ ತೆರೆದಿವೆಯೋ ನೋಡುವುದು ಅವನ ಕ್ರಮ. ಪ್ರತಿ ಚೂರಿನ ಮೇಲೆ ತಾರೀಕು. ಮಂಗಳವಾರದಿಂದ ಶನಿವಾರ ಬೆಳಗಿನವರೆಗೆ ಮಜೆಂತಾ ಸಾಲಿನಲ್ಲಿ ಹಲ್ಲುದುರಿದ ಹಾಗೆ ಖಾಲಿ ಖಾಲಿ. ಶನಿವಾರ ಮಧ್ಯಾಹ್ನದ ಚೂರಿನಲ್ಲಿ ಸಾಲು ಪೂರ್ತಿ ಇತ್ತು.

“ಶನಿವಾರ ಮೂರು ಗಂಟೆಗೆ ಹೊಸ ಹೆಡ್ಡು ಹಾಕಿದ್ದು,” ಎಂದ. “ಅಲ್ಲಿಂದ ಇವತ್ತಿನವರೆಗೆ ಒಂದು ಗೆರೆ ಬಂದದ್ದಿಲ್ಲ.”

ನನ್ನ ಫೋನಿನಲ್ಲಿದ್ದ ಕಕ್ಕಿಂಜೆ ಬ್ಯಾನರಿನ ಫೋಟೋ ದೊಡ್ಡದು ಮಾಡಿ ಆ ಚೂರುಗಳ ಪಕ್ಕ ಇಟ್ಟೆ. ಮಜೆಂತಾ ಬೀಳದ ಕಡೆ ನೀಲಿ ಹಸಿರಿಗೆ ತಿರುಗಿತ್ತು. ಖಾಲಿ ಇದ್ದ ತೂತುಗಳಿಗೂ ಬ್ಯಾನರಿನ ಗೆರೆಗಳಿಗೂ ಅಂತರ ಸರಿಯಾಗಿ ಕೂತಿತು. ಶುಕೂರ್ ಅದನ್ನು ನೋಡಿ ಜಿತೇಶನ ಕುರ್ಚಿಯಲ್ಲೇ ಕೂತುಬಿಟ್ಟ.

“ಅಂದರೆ ಆ ಬ್ಯಾನರ್ ಪ್ರಿಂಟ್ ಆದದ್ದು ಶನಿವಾರ ಮೂರು ಗಂಟೆಗೆ ಮೊದಲು,” ಎಂದರು ಸುರಕ್ಷಾ ಮೇಡಂ ನಿಧಾನವಾಗಿ. “ಸಂಜೆ ಏಳಕ್ಕೆ ಅವನು ತಾಯಿಗೆ ಫೋನ್ ಮಾಡಿದ್ದಾನೆ. ಶ್ರದ್ಧಾಂಜಲಿ ಪ್ರಿಂಟ್ ಆಗುವಾಗ ಅವನಿನ್ನೂ ಬದುಕಿದ್ದ.”

ಕುಲೆ ಬಂದು ಪ್ರಿಂಟ್ ಮಾಡಿತು ಎಂಬ ಮಾತೇ ಇದಕ್ಕಿಂತ ವಾಸಿಯಿತ್ತು.

“ನಾನು ಮೊದಲೇ ಹೇಳಲಿಲ್ಲವಾ?”

ಬಾಗಿಲಲ್ಲಿ ಅಂಗಡಿಯ ಮಾಲಕ ರಂಜಿತ್ ನಿಂತಿದ್ದ. ನಲವತ್ತರ ಆಸುಪಾಸು, ಸೆಕೆಗೆ ಕುತ್ತಿಗೆಯ ಸುತ್ತ ಒದ್ದೆ ಕರವಸ್ತ್ರ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ.

“ಎಂತ ಹೇಳಿದ್ದು?” ಎಂದೆ.

“ಹುಡುಗ ಮೊದಲೇ ನಿರ್ಧಾರ ಮಾಡಿದ್ದ ಅಂತ. ಶುಕ್ರವಾರ ನಾವೆಲ್ಲ ಹೋದ ಮೇಲೆ ಅವನೊಬ್ಬನೇ ಇದ್ದ. ತನ್ನ ಬ್ಯಾನರ್ ತಾನೇ ಮಾಡಿ ಇಟ್ಟು, ಮರುದಿನ ಹಾರಿದ್ದು. ಮೇಡಂ, ಇನ್ನಾದರೂ ಈ ಫೈಲ್ ಮುಗಿಸಿ. ಪೊಲೀಸ್ ಜೀಪು ನಿಂತ ಅಂಗಡಿಗೆ ಗಿರಾಕಿ ಬರುವುದಿಲ್ಲ.”

ಸುರಕ್ಷಾ ಮೇಡಂ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಕನಿಕರ ಇತ್ತು. “ಡೊಂಬಯ್ಯಣ್ಣ, ಹೇಳಲಿಕ್ಕೆ ಬೇಜಾರಾಗ್ತದೆ. ಆದರೆ ಇದು ಅವನೇ ಮಾಡಿಕೊಂಡದ್ದು ಅಂತ ಆಗ್ತದಲ್ಲವಾ?”

ತಾಯಿಯ ಮೇಲಿದ್ದ ಅಪವಾದ ತೆಗೆಯಲು ಹೋಗಿ, ಮಗ ಒಂದು ದಿನ ಮೊದಲೇ ಸಾಯಲು ಹೊರಟಿದ್ದ ಎಂಬ ಸಾಕ್ಷಿಯನ್ನು ನಾನೇ ಹುಡುಕಿಕೊಟ್ಟಿದ್ದೆ. ಇದನ್ನು ಪೂವಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಫೋನಿನಲ್ಲಿ ಜಿತೇಶ್ ನಗುತ್ತಲೇ ಇದ್ದ. ಎರಡು ಬೆರಳಲ್ಲಿ ಎಳೆದು ಅವನ ಮುಖವನ್ನು ದೊಡ್ಡದು ಮಾಡಿದೆ. ಕ್ಷಮಿಸು ಮಗಾ ಎಂದು ಹೇಳಲು ಬೇರೆ ಜಾಗ ನನಗೆ ಇರಲಿಲ್ಲ.

ಆಗ ಕಂಡಿತು.

“ಶುಕೂರ್,” ಎಂದೆ. “ಮನುಷ್ಯನ ಮುಖಕ್ಕೆ ಯಾವ ಬಣ್ಣ ಹೆಚ್ಚು ಬೇಕು?”

“ಮಜೆಂತಾ ಮತ್ತೆ ಹಳದಿ.”

“ಮಜೆಂತಾ ಬಾರದಿದ್ದರೆ?”

“ಮುಖ ಹಸಿರು ಹಸಿರಾಗ್ತದೆ, ಕಾಮಾಲೆ ಬಂದ ಹಾಗೆ. ಮೊದಲು ಹಾಳಾಗುವುದೇ ಮುಖ.” ಹೇಳುತ್ತಾ ಹೇಳುತ್ತಾ ಅವನು ಎದ್ದು ನಿಂತ. ನನ್ನ ಕೈಯಿಂದ ಫೋನ್ ಕಿತ್ತುಕೊಂಡ. “ಯಾ ಅಲ್ಲಾಹ್!”

ಮುಖದ ಮೇಲೆ ಒಂದೇ ಒಂದು ಗೆರೆ ಇರಲಿಲ್ಲ. ಗಲ್ಲದ ಕೆಂಪು, ಹಣೆಯ ಹೊಳಪು, ತುಟಿ, ಎಲ್ಲ ಬೆಣ್ಣೆಯಂತೆ ಇಳಿದಿತ್ತು. ಹಿಂದಿನ ನೀಲಿಯಲ್ಲಿ ಓಡಿ ಬಂದ ಗೆರೆ ಕಿವಿಯ ಅಂಚಿಗೆ ಬಂದು ನಿಂತು, ಇನ್ನೊಂದು ಕಿವಿಯ ಆಚೆಯಿಂದ ಮತ್ತೆ ಶುರುವಾಗಿತ್ತು.

“ಹಿನ್ನೆಲೆ ಹಳೆ ಹೆಡ್ಡಿನದ್ದು,” ಎಂದೆ. “ಮುಖ ಹೊಸ ಹೆಡ್ಡಿನದ್ದು. ಮೇಡಂ, ಇದು ಪ್ಯಾಚು!”

ಸುರಕ್ಷಾ ಮೇಡಂಗೆ ಅರ್ಥವಾಗಲಿಲ್ಲ. ನಮ್ಮ ಕಡೆಯ ಫ್ಲೆಕ್ಸಿನವರಿಗೆಲ್ಲ ಒಂದು ಚಾಳಿ ಉಂಟು. ಬ್ಯಾನರಿನಲ್ಲಿ ಹೆಸರೋ ತಾರೀಕೋ ತಪ್ಪಿದರೆ ಇಡೀ ಬ್ಯಾನರು ಮತ್ತೆ ಹೊಡೆಯುವುದಿಲ್ಲ. ತಪ್ಪಿದಷ್ಟು ಜಾಗಕ್ಕೆ ಸ್ಟಿಕ್ಕರ್ ಪ್ರಿಂಟ್ ಮಾಡಿ, ಅಂಚು ಕತ್ತರಿಸಿ, ಮೇಲಿನಿಂದ ಅಂಟಿಸಿಬಿಡುತ್ತಾರೆ. ಹತ್ತಡಿ ಎತ್ತರಕ್ಕೆ ಕಟ್ಟಿದ ಮೇಲೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ನಾನು ಏಣಿ ಹತ್ತಿದವನು ಗೆರೆಯನ್ನೇ ನೋಡಿದೆ, ಮುಖ ಮುಟ್ಟಿ ನೋಡಲು ಮನಸ್ಸು ಬಂದಿರಲಿಲ್ಲ. ಸತ್ತ ಹುಡುಗನ ಮುಖಕ್ಕೆ ಯಾರು ಉಗುರು ಹಾಕುತ್ತಾರೆ? ಏನನ್ನಾದರೂ ಅಡಗಿಸಿಡಲು ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ.

“ಹೌದು, ಪ್ಯಾಚ್ ಎಲ್ಲ ಕಡೆ ಹಾಕ್ತಾರೆ,” ಎಂದ ರಂಜಿತ್ ಥಟ್ಟನೆ. “ಅದರಲ್ಲಿ ಎಂತ ಉಂಟು?”

“ಪ್ಯಾಚ್ ಯಾರು ಹಾಕಿದ್ದು ಅಂತ ನಾನು ಇನ್ನೂ ಕೇಳಲೇ ಇಲ್ಲ ಮಾರಾಯ,” ಎಂದೆ. “ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಯಾಕೆ ಮುಟ್ಟಿಕೊಳ್ತೀ?”

ಅವನ ಮುಖ ಕೆಂಪಾಯಿತು. “ನೀವು ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಬೋರ್ಡ್ ಬರೆಯುವ ಕೆಲಸ ಹೋಯಿತು ಅಂತ ನನ್ನ ಮೇಲೆ ಹಗೆ ಸಾಧಿಸುವುದಾ?”

“ಹಗೆ ಉಂಟು. ಇಲ್ಲ ಅನ್ನುವುದಿಲ್ಲ. ಅಂಗಡಿಯ ಕೀ ಎಷ್ಟು?”

“ಎರಡು. ಒಂದು ನನ್ನದು, ಒಂದು ಜಿತೇಶನದು.”

“ಜಿತೇಶನ ಕಿಸೆಯಲ್ಲಿ ಪರ್ಸು ಇತ್ತು, ಕೀ ಇರಲಿಲ್ಲ,” ಎಂದರು ಸುರಕ್ಷಾ ಮೇಡಂ. ಅವರ ದನಿ ಬದಲಾಗಿತ್ತು. “ರಂಜಿತ್, ಶನಿವಾರ ಮೂರು ಗಂಟೆಯಿಂದ ಸೋಮವಾರ ಬೆಳಗ್ಗೆವರೆಗೆ ನೀವು ಎಲ್ಲಿದ್ದಿರಿ?”

“ಹೇಳಿದೆನಲ್ಲ ಮೇಡಂ, ಮೂಡುಬಿದಿರೆಯಲ್ಲಿ, ನನ್ನ ಸಂಬಂಧದವರ ಮದುವೆ. ಇನ್ನೂರು ಜನ ನೋಡಿದ್ದಾರೆ. ವೀಡಿಯೋ ಉಂಟು.” ಅವನು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಸೋಮವಾರ ಬಂದೆ. ಬ್ಯಾನರ್ ರೆಡಿ ಇತ್ತು. ಜಿತೇಶನ ಕೀ ಶುಕೂರನ ಹತ್ತಿರ ಇರಬೇಕು, ಅವನೇ ಮಾಡಿದ್ದು ಅಂತ ನಾನು ಅಂದುಕೊಂಡೆ.”

“ನಾನು ದಣಿ ಮಾಡಿದ್ದು ಅಂದುಕೊಂಡೆ,” ಎಂದ ಶುಕೂರ್. “ಮರುದಿನ ಕೇಳಿದರೆ ಅವರೂ ಅಲ್ಲ.”

“ಕಕ್ಕಿಂಜೆಗೆ ಕೊಂಡು ಹೋದದ್ದು ಯಾರು?”

“ನಮ್ಮ ಮನ್ವಿತ್, ನನ್ನ ಹೆಂಡತಿಯ ತಮ್ಮ. ಮೊದಲು ಇಲ್ಲೇ ಮೆಷಿನ್ ಕೆಲಸ ಕಲಿತಿದ್ದ. ದುಬೈಯಲ್ಲಿ ಹೋಟೆಲಿನಲ್ಲಿರುವುದು, ಈಗ ರಜೆಯಲ್ಲಿ ಬಂದಿದ್ದಾನೆ. ಆದಿತ್ಯವಾರ ಭವ್ಯಶ್ರೀಯನ್ನು ನೋಡಲಿಕ್ಕೆ ಹೋಗಬೇಕಾಗಿದ್ದದ್ದು ಅವನೇ. ಪಾಪ, ಮಾವನ ಮನೆ ಆಗಬೇಕಾದ ಮನೆಯಲ್ಲಿ ಸಾವು. ನಾನೇ ಕಟ್ಟಿ ಬರ್ತೇನೆ ಭಾವ ಅಂದ.” ರಂಜಿತನ ದನಿ ಮೊದಲ ಸಲ ಮೆತ್ತಗಾಯಿತು. “ಮೇಡಂ, ಜಿತೇಶನಿಗೆ ನಾನು ಬೈದದ್ದು ಹೌದು. ಆದರೆ ಸಾಯಿಸುವಷ್ಟು ಕಟುಕ ನಾನಲ್ಲ.”

ನನಗೆ ಅವನ ಮುಖ ಓದಲಾಗಲಿಲ್ಲ. ಮನುಷ್ಯನ ಮುಖ ಫ್ಲೆಕ್ಸಿನಷ್ಟು ಸುಲಭವಲ್ಲ.

ಸುರಕ್ಷಾ ಮೇಡಂ ಆಗಲೇ ಭವ್ಯಶ್ರೀಗೆ ಫೋನ್ ಹಚ್ಚಿದ್ದರು. ಬ್ಯಾನರ್ ಇಳಿಸಿ ಮನೆಗೆ ತರಿಸಿ ಇಡಿ, ನಾವು ಬರ್ತಾ ಇದ್ದೇವೆ, ಅಮ್ಮನಿಗೆ ಈಗಲೇ ಏನೂ ಹೇಳಬೇಡಿ ಎಂದರು.

ನಾವಿಬ್ಬರೂ ಜೀಪು ಹತ್ತಿ ಕಕ್ಕಿಂಜೆಗೆ ಹೊರಟೆವು. ಬೆಳ್ತಂಗಡಿ ದಾಟುವಾಗ ಮೇಡಂ, “ಮುಖದ ಕೆಳಗೆ ಏನಿರಬಹುದು ಡೊಂಬಯ್ಯಣ್ಣ?” ಎಂದು ಕೇಳಿದರು.

“ಮುಖದ ಕೆಳಗೆ ಇನ್ನೊಂದು ಮುಖ,” ಎಂದೆ. “ಶ್ರದ್ಧಾಂಜಲಿಯಲ್ಲಿ ಬೇರೆ ಎಂತ ಇರ್ತದೆ? ಯಾರದೋ ಸಾವಿಗೆ ಅಂತ ಮೊದಲು ಮಾಡಿದ್ದು. ಆ ಸಾವು ಯಾರದ್ದು ಅಂತ ಜಿತೇಶನಿಗೆ ಶನಿವಾರ ಗೊತ್ತಾಗಿದೆ.”

ಹೇಳಿದ ಮೇಲೆ ನನಗೇ ಹೊಳೆಯಿತು. ಆ ವಾರ ಕಕ್ಕಿಂಜೆಯಲ್ಲಿ ಬೇರೆ ಯಾರೂ ಸತ್ತಿರಲಿಲ್ಲ.

ಮನೆಯ ಅಂಗಳದಲ್ಲಿ ಬ್ಯಾನರನ್ನು ಬಿಸಿಲಿಗೆ ಹಾಸಿದ್ದರು. ಗಂಟೆ ಎರಡೂವರೆ. ಪೂವಮ್ಮ ಅದರ ಪಕ್ಕ ನೆಲದಲ್ಲಿ ಕೂತು, ಮಗುವನ್ನು ಮಲಗಿಸುವವರ ಹಾಗೆ ಮಗನ ಗಲ್ಲ ಸವರುತ್ತಿದ್ದರು. ಆರು ದಿನದಲ್ಲಿ ಕಣ್ಣು ಗುಳಿಗೆ ಇಳಿದಿತ್ತು. ಹಿಂದೆ ಭವ್ಯಶ್ರೀ ನೀರಿನ ಚೆಂಬು ಹಿಡಿದು ನಿಂತಿದ್ದಳು.

“ಪೂವಕ್ಕ,” ಎಂದೆ ಪಕ್ಕದಲ್ಲಿ ಕೂತು. “ಇದನ್ನು ಸ್ವಲ್ಪ ಬಿಡಿಸಿ ನೋಡಬೇಕು.”

“ಯಾವುದನ್ನು?”

ಜಿತೇಶನ ಮುಖಕ್ಕೆ ಬೆರಳು ತೋರಿಸಿದೆ.

ಅವರು ಒಮ್ಮೆಲೇ ಎರಡೂ ಕೈಯಿಂದ ಮಗನ ಮುಖ ಮುಚ್ಚಿದರು. “ನೀರಲ್ಲಿ ಮೀನು ತಿಂದು ಮುಖ ಅಲ್ಲಲ್ಲಿ ಹೋಗಿದೆ. ಪೋಸ್ಟ್‌ಮಾರ್ಟಂನಲ್ಲಿ ಕುಯ್ದಿದ್ದಾರೆ. ಇದೊಂದು ಸರಿಯಾಗಿ ಉಳಿದದ್ದು. ಇದನ್ನೂ ಕೀಳ್ತೀರಾ? ನೀವು ಅವನಿಗೆ ವಿದ್ಯೆ ಹೇಳಿಕೊಟ್ಟವರಲ್ಲವಾ ಮಾಸ್ಟ್ರೆ?”

ಆ ಮಾತು ನನ್ನ ಎದೆಗೆ ನಾಟಿತು. ಎದ್ದು ಹೋಗಿಬಿಡುವ ಎನಿಸಿತು. ಆದರೂ ಹೇಳಿದೆ. “ನಿಮ್ಮ ಮಾತಿಗೆ ಅವನು ಸತ್ತದ್ದಲ್ಲ ಅಂತ ನನ್ನ ಮನಸ್ಸು ಹೇಳ್ತದೆ ಪೂವಕ್ಕ. ಇದರ ಅಡಿಯಲ್ಲಿ ಅದಕ್ಕೆ ಸಾಕ್ಷಿ ಉಂಟು. ಬೇಡ ಅಂದರೆ ಮುಟ್ಟುವುದಿಲ್ಲ. ನಿಮ್ಮಾಣೆ.”

ಪೂವಮ್ಮ ಮಗನ ಮುಖದಿಂದ ಕೈ ತೆಗೆದರು.

“ನೀವು ಮುಟ್ಟಬೇಡಿ,” ಎಂದರು. “ಹೆತ್ತವಳು ನಾನು. ನಾನೇ ತೆಗೀತೇನೆ.”

ಬಿಸಿಲಿಗೆ ಅಂಟು ಮೆತ್ತಗಾಗಿತ್ತು. ಕುತ್ತಿಗೆಯ ಹತ್ತಿರ ಉಗುರಿನಲ್ಲಿ ಕೆರೆದಾಗ ಸ್ಟಿಕ್ಕರಿನ ಅಂಚು ಎದ್ದಿತು. ಅವರು ನಿಧಾನವಾಗಿ ಎಳೆದರು. ಜಿತೇಶನ ಕಾಲರು ಮಡಚಿತು. ಅಡಿಯಲ್ಲಿ ಹಳದಿ ಚೂಡಿದಾರದ ಅಂಚು ಕಂಡಿತು, ಒಂದು ಸಪೂರ ಸರ ಕಂಡಿತು. ಜಿತೇಶನ ನಗು ಮಡಚಿತು. ಅಡಿಯಲ್ಲಿ ಇನ್ನೊಂದು ನಗು. ಬಣ್ಣ ಅಲ್ಲಲ್ಲಿ ಎದ್ದು ಬಂದಿತ್ತು, ಮುಖದ ಉದ್ದಕ್ಕೂ ಹಸಿರು ಗೆರೆಗಳು ಓಡಿದ್ದವು. ಆದರೂ ಕಣ್ಣು ಕಾಣುವ ಹೊತ್ತಿಗೆ ಯಾರೆಂದು ಅಂಗಳದಲ್ಲಿದ್ದ ಎಲ್ಲರಿಗೂ ಗೊತ್ತಾಯಿತು.

ಹಿಂದೆ ಚೆಂಬು ಕೆಳಗೆ ಬಿದ್ದ ಸದ್ದಾಯಿತು.

ಬ್ಯಾನರಿನಲ್ಲಿ ಇದ್ದದ್ದು ಭವ್ಯಶ್ರೀ.

ಸುರಕ್ಷಾ ಮೇಡಂ ಬಗ್ಗಿ ಕೆಳಗಿನ ಹೆಸರಿನ ಪಟ್ಟಿಯನ್ನೂ ಕಿತ್ತರು. ಅದೂ ಪ್ಯಾಚೇ. ‘ದಿವಂಗತ ಭವ್ಯಶ್ರೀ, ಕಕ್ಕಿಂಜೆ’. ಅದರ ಕೆಳಗೆ ‘ಮರಣ’ ಎಂದು ಒಂದು ತಾರೀಕು. ಮೇಡಂ ಅದನ್ನು ಓದಿ ತಲೆಯೆತ್ತಿ ನನ್ನನ್ನು ನೋಡಿದರು. ಫೆಬ್ರವರಿ ಇಪ್ಪತ್ತೊಂದು. ಇವತ್ತು.

ಪೂವಮ್ಮನ ಕೈಯಲ್ಲಿ ಮಗನ ಮುಖ ಸುರುಳಿಯಾಗಿ ನೇತಾಡುತ್ತಿತ್ತು. “ಅದಕ್ಕೇ ಅವನು ಬೇಡ ಅಂದದ್ದು,” ಎಂದರು. ದನಿ ಕೇಳಿಸಿತೋ ಇಲ್ಲವೋ ಎಂಬಷ್ಟು ಸಣ್ಣ. “ಬಂದು ಹೇಳ್ತೇನೆ ಅಂದ. ಸಾಯುವವನು ಬಂದು ಹೇಳ್ತೇನೆ ಅನ್ನುವುದಿಲ್ಲ. ತಂಗಿಗೋಸ್ಕರ ಯಾರ ಹತ್ತಿರವೋ ಕೇಳಲಿಕ್ಕೆ ಹೋಗಿದ್ದಾನೆ ನನ್ನ ಮಗ.” ಆರು ದಿನದಿಂದ ಒಣಗಿದ್ದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯಿತು. ಮಗನ ಮುಖವನ್ನು ಎದೆಗೆ ಒತ್ತಿಕೊಂಡೇ ಇನ್ನೊಂದು ಕೈಯಿಂದ ಮಗಳ ರಟ್ಟೆ ಹಿಡಿದು ತನ್ನ ಹತ್ತಿರ ಎಳೆದುಕೊಂಡರು. ನನಗೆ ಸಮಾಧಾನವೂ ಆಯಿತು, ಹೆದರಿಕೆಯೂ ಆಯಿತು. ಒಂದು ಮಗುವನ್ನು ಅವರಿಗೆ ವಾಪಸ್ ಕೊಡಲು ಹೋಗಿ ಇನ್ನೊಂದರ ಸಾವಿನ ತಾರೀಕು ತೋರಿಸಿದ್ದೆವು.

“ಭವ್ಯಶ್ರೀ,” ಸುರಕ್ಷಾ ಮೇಡಂ ಅವಳ ಭುಜ ಹಿಡಿದರು. “ಈ ಫೋಟೋ ಎಲ್ಲಿಯದ್ದು? ಯಾರ್ಯಾರ ಹತ್ತಿರ ಉಂಟು?”

“ಯಾರ ಹತ್ತಿರವೂ ಇಲ್ಲ.” ಹುಡುಗಿಯ ತುಟಿ ಬಿಳುಚಿತ್ತು. “ಸ್ಟೇಟಸ್‌ಗೂ ಹಾಕಿಲ್ಲ. ಅಣ್ಣನಿಗೂ ತೋರಿಸಿಲ್ಲ. ಮನ್ವಿತ್ ಒಂದು ಫೋಟೋ ಬೇಕು ಅಂದರು ಅಂತ ನಾನೇ ಇಲ್ಲಿ ನಿಂತು ತೆಗೆದದ್ದು. ಅವರಿಗೆ ಮಾತ್ರ ಕಳಿಸಿದ್ದು.”

ಅವಳ ಕೈಯಲ್ಲಿದ್ದ ಫೋನು ಗುಂಯ್ ಎಂದಿತು. ಪರದೆಯ ಮೇಲೆ ಮನ್ವಿತನ ಹೆಸರಿನಡಿ ಬಂದ ಸಾಲನ್ನು ನಾವೆಲ್ಲ ಓದಿದೆವು. ‘ಮುಂಡಾಜೆ ದಾಟಿದೆ. ಐದು ನಿಮಿಷ.’

ಭವ್ಯಶ್ರೀ ನನ್ನನ್ನು ನೋಡಿದಳು. “ನೀವು ಬ್ಯಾನರ್ ಇಳಿಸಲಿಕ್ಕೆ ಹೇಳಿದ್ದೀರಿ ಅಂತ ನಾನೇ ಅವರಿಗೆ ಫೋನ್ ಮಾಡಿದೆ ಮಾಸ್ಟ್ರೆ,” ಎಂದಳು. “ಯಾರಿಗೂ ಮುಟ್ಟಲಿಕ್ಕೆ ಬಿಡಬೇಡ, ನಾನು ಬರ್ತೇನೆ ಅಂದರು.”